ಐವತ್ತೆರಡನೆಯ ಪ್ಲೇಟು

೧೯೭೨ ಜನವರಿ ೧೧, ಮಂಗಳವಾರ

ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಮಿಸ್ ಹಾಲ್ವರ್ಸನ್ ಅವರ ಪತ್ರ ಬಂತು. ಇಪ್ಪತ್ತೊಂಬತ್ತನೇ ತಾರೀಕು, ಶನಿವಾರ ಬೆಳಿಗ್ಗೆ ಹತ್ತಕ್ಕೆ ವ್ಯಾನ್ ತರುತ್ತಾರಂತೆ. ‘ಬಂಡೆದೀಪ’ ರೇಡಿಯೋ ಧಾರಾವಾಹಿಯ ಪ್ಲೇಟುಗಳು ದೇಶದಲ್ಲಿ ಬೇರೆಲ್ಲೂ ಸಿಕ್ಕಿಲ್ಲ, ನನ್ನ ನೆಲಮಾಳಿಗೆಯಲ್ಲಿರುವುದೇ ಉಳಿದದ್ದು ಎಂದು ಬರೆದಿದ್ದಾರೆ. ಕೊನೆಗೆ ಒಂದು ಸಾಲು: ‘ಐವತ್ತೆರಡನೆಯದು ಸಿಗುವ ಸಾಧ್ಯತೆ ಏನಾದರೂ ಇದೆಯೇ?’

ಇದೆ. ಇಲ್ಲಿಂದ ಆರು ಬೀದಿ ಆಚೆ, ಒಬ್ಬ ಕಳ್ಳನ ಮನೆಯಲ್ಲಿದೆ. ಹಾಗೆಂದು ಬರೆದರೆ ಚೆನ್ನಾಗಿರುವುದಿಲ್ಲವಾದ್ದರಿಂದ ‘ಪ್ರಯತ್ನಿಸುತ್ತೇನೆ’ ಎಂದು ಬರೆದೆ.

ಈ ಪ್ಲೇಟುಗಳು ಉಳಿದದ್ದೇ ಒಂದು ಆಕಸ್ಮಿಕ. ಶಿಕಾಗೋದ ಒಂದು ಪುಟ್ಟ ಕಂಪನಿ ನಾಟಕ ಆಡಿಸಿ, ಹದಿನಾರು ಅಂಗುಲದ ಪ್ಲೇಟಿನ ಮೇಲೆ ಕೊರೆದು, ನಮ್ಮಂಥ ಬಡ ರೇಡಿಯೋ ನಿಲಯಗಳಿಗೆ ರೈಲಿನಲ್ಲಿ ಕಳಿಸುತ್ತಿತ್ತು. ವಾರಕ್ಕೆ ಅರ್ಧ ಗಂಟೆಯ ಒಂದು ಕಂತು. ಮೊದಲರ್ಧ ಒಂದು ಪ್ಲೇಟಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ, ಏಕೆಂದರೆ ಪ್ರಸಾರದ ನಡುವೆ ಪ್ಲೇಟು ಮಗುಚುತ್ತ ಕೂರಲಾಗದು. ಎಡಗಡೆಯ ಯಂತ್ರದಲ್ಲಿ ಮುಗಿಯುತ್ತಿದ್ದಂತೆ ಬಲಗಡೆಯದನ್ನು ಶುರುಮಾಡಬೇಕು. ಆ ಕೆಲಸ ನನ್ನದು. ಧಾರಾವಾಹಿ ಮುಗಿದ ಮೇಲೆ ಎಲ್ಲ ಪ್ಲೇಟುಗಳನ್ನೂ ವಾಪಸು ಕಳಿಸಬೇಕು, ಅವರು ನಾಶ ಮಾಡುತ್ತಾರೆ, ಅದು ಕರಾರು. ನಾವು ಕಳಿಸಿದ ಪೆಟ್ಟಿಗೆ ಮೂರು ವಾರಕ್ಕೆ ತಿರುಗಿ ಬಂತು. ಆ ವಿಳಾಸದಲ್ಲಿ ಅಂಥ ಕಂಪನಿಯೇ ಇಲ್ಲವಂತೆ, ಬಾಗಿಲು ಹಾಕಿಕೊಂಡಿತ್ತು. ೧೯೪೯ರಲ್ಲಿ ನಮ್ಮ ನಿಲಯವೂ ಮುಚ್ಚಿತು. ಪೆಟ್ಟಿಗೆಯನ್ನು ಹಿಮಗಾಡಿಯ ಮೇಲೆ ಎಳೆದು ಮನೆಗೆ ತಂದೆ.

ಅದರಲ್ಲಿದ್ದದ್ದು ಐವತ್ತೊಂದು. ಕೊನೆಯ ಕಂತಿನ ಉಳಿದರ್ಧವನ್ನು ಉದ್ಘೋಷಕ ಜೋರಿ ಟ್ರೆಗಿಯರ್ ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗಿದ್ದ. ಅವನನ್ನು ಕೆಲಸದಿಂದ ತೆಗೆದ ದಿನ, ೧೯೪೧ ಮಾರ್ಚ್ ೨೧. ಯಾಕೆ ತೆಗೆದರು ಎಂಬುದು ನಿಲಯದ ಪ್ರಸಾರ ದಾಖಲಿಸುವ ಲಾಗ್ ಪುಸ್ತಕದಲ್ಲಿದೆ, ನನ್ನ ಕೈಬರಹದಲ್ಲೇ: ‘೮.೪೫. ಉದ್ಘೋಷಕ ಕಾರ್ಯಕ್ರಮದ ನಡುವೆ ಬಾಯಿ ಹಾಕಿ ಮಾತಾಡಿದ.’ ಆ ಬಾಯಿಬಡುಕ ಕೊನೆಯ ಕಂತಿನ ಕೊನೆಯನ್ನೇ ನುಂಗಿದ. ಲಾಗ್ ಸುಳ್ಳು ಹೇಳುವುದಿಲ್ಲ.

ಜನವರಿ ೧೩, ಗುರುವಾರ

ಸಹಕಾರಿ ಅಂಗಡಿಗೆ ಕಾಫಿ ತರಲು ಹೋಗಿದ್ದೆ. ಕೌಂಟರಿನಲ್ಲಿ ಹಿಲ್ಯಾ ಕೂತಿದ್ದಳು. ಅವಳ ಕೈಗಿಂತ ಬಾಯಿ ಯಾವಾಗಲೂ ಮುಂದು.

“ಕೇಳಿದ್ಯಾ? ಜೋರಿಗೆ ಮತ್ತೆ ಲಕ್ವಾ ಹೊಡೀತಂತೆ. ಬಲಗೈ ಹೋಯ್ತು, ಮಾತೂ ಅರ್ಧ ಹೋಯ್ತು. ಮಗಳು ಲವ್‌ಡೇ ಬಂದಿದಾಳೆ. ಇಪ್ಪತ್ತೇಳಕ್ಕೆ ಮಿಲ್ವಾಕಿಗೆ ಕರ್ಕೊಂಡ್ ಹೋಗ್ತಾಳಂತೆ. ಮನೆ ಖಾಲಿ ಮಾಡಿಸ್ತಿದಾಳೆ.”

“ಸಾಮಾನೆಲ್ಲ?”

“ಬೇಕಾದ್ದು ತಗೊಂಡು ಹೋಗ್ತಾಳೆ. ಶೆಡ್ಡಿನಲ್ಲಿರೋ ಹಾಳುಮೂಳನ್ನ ಅದರ ಹಿಂದಿನ ದಿನ ಬುಧವಾರ ಲಾರಿಯೋರು ತಿಪ್ಪೆಗೆ ಸುರೀತಾರೆ.” ನಂತರ ಕಣ್ಣು ಒರೆಸಿಕೊಂಡಳು. “ಎಂಥಾ ಕಂಠ ಅವನ್ದು! ‘ಬಂಡೆದೀಪ’ದ ಕೊನೇ ದಿನ ನೆನಪಿದ್ಯಾ? ಕಳೆದುಹೋಗಿದ್ದ ಗಂಡ ಒದ್ದೆ ಬೂಟಿನಲ್ಲೇ ಒಳಗೆ ಬಂದು ‘ಕಾಫಿ ಇದೆಯಾ’ ಅಂತ ಕೇಳ್ತಾನಲ್ಲ. ನಮ್ಮಮ್ಮ ಅಡುಗೆಮನೇಲಿ ಕೂತು ಬಿಕ್ಕಿಬಿಕ್ಕಿ ಅತ್ತಳು ಮಾರಾಯ.”

“ಅದು ನಾಟಕದಲ್ಲಿಲ್ಲ,” ಎಂದೆ. “ಜೋರಿ ಕಟ್ಟಿದ ಕಥೆ ಅದು.”

“ಇರಲಿ ಬಿಡು, ಅದರಿಂದ ನಿನ್ನ ಗಂಟೇನು ಹೋಯ್ತು?” ಎಂದಳು.

ಹೋಯಿತು. ಬರೆದವನು ಬರೆದದ್ದು ಬೇರೇನೋ ಇದೆ, ಅದನ್ನು ಈ ಊರು ಕೇಳಲೇ ಇಲ್ಲ. ಲಾರಿ ಬರಲು ಹದಿಮೂರು ದಿನ ಇದೆ.

ಜನವರಿ ೧೪, ಶುಕ್ರವಾರ

ಹೋಗಿ ಬಂದೆ. ಹೋಗಬಾರದಿತ್ತು.

ಬಾಗಿಲು ತೆರೆದವಳು ಲವ್‌ಡೇ. ಚಿಕ್ಕವಳಿದ್ದಾಗ ಸ್ಟುಡಿಯೋದ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದಳು. ಈಗ ನಲವತ್ತರ ಹತ್ತಿರ. ಹೊಸ್ತಿಲಲ್ಲೇ ಅಡ್ಡ ನಿಂತಳು.

“ಏನು ಬೇಕಿತ್ತು, ಮಿಸ್ಟರ್ ಪೆಲ್ಕೊನೆನ್?”

“ನಿಲಯದ ಒಂದು ಪ್ಲೇಟು ನಿಮ್ಮ ತಂದೆ ಹತ್ರ ಇದೆ. ವಾಪಸ್ ಬೇಕು.”

“ಮೂವತ್ತೊಂದು ವರ್ಷ ಆದ್ಮೇಲೆ ನೆನಪಾಯ್ತಾ? ನಮ್ಮಮ್ಮನ ಮಣ್ಣಿಗೂ ಬರಲಿಲ್ಲ ನೀವು.”

“ಅವತ್ತು ಹಿಮ ಬಿದ್ದು ದಾರಿ ಮುಚ್ಚಿತ್ತು.”

“ಆರು ಬೀದಿ,” ಎಂದಳು. ಆದರೂ ಪಕ್ಕಕ್ಕೆ ಸರಿದಳು.

ಜೋರಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ತುಟಿ ಒಂದು ಕಡೆಗೆ ಜೋತಿತ್ತು. ನನ್ನನ್ನು ನೋಡಿ, ಉಳಿದ ಅರ್ಧ ಬಾಯಿಯಲ್ಲಿ ನಕ್ಕ.

“ಬಂದ ನೋಡು. ಗಡಿಯಾರ.”

ನಿಲಯದಲ್ಲಿ ನನಗೆ ಅವನಿಟ್ಟ ಹೆಸರು. ಕೇಳಿದ ಕೂಡಲೇ ಮೈ ಉರಿಯಿತು.

“ಪ್ಲೇಟೆಲ್ಲಿ?”

“ಇಲ್ಲ.”

“ಇಲ್ಲ ಅಂದ್ರೆ? ಮನೇಲಿಲ್ಲ ಅಂತಾನೋ, ಕೊಡಲ್ಲ ಅಂತಾನೋ?”

“ಇಲ್ಲ,” ಎಂದು ಮತ್ತೆ ನಕ್ಕ.

“ಅಪ್ಪನಿಗೆ ಈಗ ಬರೋದು ಇಪ್ಪತ್ತು ಮೂವತ್ತು ಪದ ಅಷ್ಟೇ,” ಎಂದಳು ಲವ್‌ಡೇ. “ಡಾಕ್ಟ್ರು ಸಿಟ್ಟು ಬರಿಸಬೇಡಿ ಅಂದಿದಾರೆ. ನೀವಿನ್ನು ಹೊರಡಿ.”

ನಿಮಿಷಕ್ಕೆ ನೂರು ಮಾತು ಆಡುತ್ತಿದ್ದವನು. ದಾರಿಯುದ್ದಕ್ಕೂ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಜನವರಿ ೧೬, ಭಾನುವಾರ

ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಚರ್ಚಿಗೆ ಹೋಗಲಿಲ್ಲ. ಶೆಡ್ಡಿನೊಳಗೂ ಇದೇ ಚಳಿ ಇರುತ್ತದೆ. ಆ ಪ್ಲೇಟು ಉಳಿದೆಲ್ಲದರಂತೆ ಅಚ್ಚೊತ್ತಿದ್ದಲ್ಲ. ಕೊನೆಯ ಹೊತ್ತಿಗೆ ಕಂಪನಿಯವರ ಕೈಯಲ್ಲಿ ಕಾಸಿರಲಿಲ್ಲ, ಅಲ್ಯೂಮಿನಿಯಂ ತಗಡಿನ ಮೇಲೆ ಕರಿ ಅರಗಿನಂಥ ಲೇಪ ಬಳಿದು ನೇರವಾಗಿ ಕೊರೆದು ಕಳಿಸಿದ್ದರು. ಚಳಿಗೆ ತಗಡು ಒಂದು ರೀತಿ ಕುಗ್ಗಿದರೆ ಲೇಪ ಇನ್ನೊಂದು ರೀತಿ ಕುಗ್ಗುತ್ತದೆ. ಮೂವತ್ತೊಂದು ಚಳಿಗಾಲ.

ಜನವರಿ ೧೮, ಮಂಗಳವಾರ

ಇಂದು ಕೂಗಾಡಿದೆ. ಫೋನಿನಲ್ಲಿ, ಒಬ್ಬ ಹೆಂಗಸಿನ ಮೇಲೆ.

ಮಧ್ಯಾಹ್ನ ಒಂದೂವರೆಗೆ ಲವ್‌ಡೇ ಫೋನ್ ಮಾಡಿದಳು. “ಸಿಕ್ತು. ಶೆಡ್ಡಿನಲ್ಲಿ ಹಳೇ ಕಿಟಕಿ ಚೌಕಟ್ಟುಗಳ ಹಿಂದೆ, ಹಿಟ್ಟಿನ ಚೀಲದಲ್ಲಿ ಸುತ್ತಿಟ್ಟಿದ್ರು. ಮೇಲೆಲ್ಲ ಬೆಳ್ಳಗೆ ಬೂಷ್ಟು ಹಿಡಿದಂಗಿದೆ. ಒಲೆ ಹತ್ರ ತಂದು ಸ್ಪಿರಿಟ್ಟಿನಲ್ಲಿ ಒರೆಸಿ ಇಡ್ತೀನಿ, ನಾಳೆ ಬಂದು ತಗೊಂಡು ಹೋಗಿ.”

“ಮುಟ್ಟಬೇಡ!” ಎಂದು ಕಿರುಚಿದೆ. “ಸ್ಪಿರಿಟ್ಟು ತಾಗಿದ್ರೆ ಅಷ್ಟೂ ಕರಗಿ ಹೋಗುತ್ತೆ! ಒಲೆ ಹತ್ರ ತಂದ್ರೆ ಸಿಡಿಯುತ್ತೆ! ಇದ್ದಲ್ಲೇ ಇಡು, ಇದ್ದಲ್ಲೇ!”

“ಕೈಯಲ್ಲಿ ಬಟ್ಟೆ ಹಿಡ್ಕೊಂಡೇ ನಿಂತಿದೀನಿ,” ಎಂದಳು ಮೆಲ್ಲಗೆ. “ಇನ್ನೂ ಶೆಡ್ಡಿನ ಬಾಗಿಲು ದಾಟಿಸಿಲ್ಲ. ಸದ್ಯ.” ಆಮೇಲೆ, “ಲೇಬಲ್ ಮೇಲೆ ಕೆಂಪಗೆ ಏನೋ ಬರೆದಿದಾರೆ. ‘ಒಳಗಿನಿಂದ ಶುರು’ ಅಂತ. ಬಾಣದ ಗುರುತೂ ಇದೆ. ಹಾಗಂದ್ರೇನು?”

“ಏನಿಲ್ಲ. ಕಂಪನಿಯವರ ಗುರುತು.”

ಸುಳ್ಳಲ್ಲ. ಕಂಪನಿಯವರ ಗುರುತೇ.

ಓಡಿದೆ. ಅರವತ್ತೆಂಟನೇ ವಯಸ್ಸಿನಲ್ಲಿ ಮಂಜುಗಡ್ಡೆಯ ಮೇಲೆ ಓಡುವುದು ನನ್ನ ದಿನಚರಿಯಲ್ಲಿಲ್ಲ. ಶೆಡ್ಡಿನಲ್ಲಿ ಹಿಟ್ಟಿನ ಚೀಲದ ಬಾಯಿ ಬಿಡಿಸಿ ಟಾರ್ಚ್ ಹಿಡಿದೆ. ಗೆರೆಗಳು ಇವೆ. ಬೂಷ್ಟಲ್ಲ, ಲೇಪದೊಳಗಿನ ಎಣ್ಣೆ ಮೇಲೆ ಬಂದದ್ದು, ಅದನ್ನು ಜಾಣತನದಿಂದ ತೆಗೆಯಬಹುದು. ಹೊರ ಅಂಚಿನಲ್ಲಿ ಮಾತ್ರ ಒಂದು ಗೀರು ಇದೆ, ಹೆಬ್ಬೆರಳುದ್ದ. ಅಲ್ಲಿಂದ ಲೇಪ ಎದ್ದಿದೆ.

ಒಯ್ಯಲು ಜೋರಿ ಬಿಡಲಿಲ್ಲ. ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿದ. “ಇಲ್ಲಿ. ನನ್ನೆದುರು.”

“ಇಲ್ಲೇ ಹಾಕಬೇಕಂತೆ,” ಎಂದಳು ಲವ್‌ಡೇ. “ಕೇಳಿಸಿದ ಮೇಲೆ ನಿಮಗೆ.”

ಈ ಗಾತ್ರದ ಪ್ಲೇಟು ತಿರುಗಿಸುವ ಯಂತ್ರ ಊರಿನಲ್ಲಿ ನನ್ನದೊಂದೇ. ತೂಕ ಎಂಬತ್ತು ಪೌಂಡು. ಒಪ್ಪಿದೆ. ಬೇರೆ ದಾರಿ ಇತ್ತೇ?

ಜನವರಿ ೨೦, ಗುರುವಾರ

ಒಮ್ಮೆಲೇ ಬೆಚ್ಚಗಿನ ಕೋಣೆಗೆ ತಂದರೆ ಲೇಪ ಸಿಡಿಯುತ್ತದೆ. ಆದ್ದರಿಂದ ಎರಡು ದಿನ ಹಿಂಬದಿಯ ಜಗಲಿಯಲ್ಲಿ, ಎರಡು ದಿನ ಒಲೆಯಿಲ್ಲದ ನಡುವಿನ ಹಜಾರದಲ್ಲಿ, ಆಮೇಲೆ ಕೋಣೆಯಲ್ಲಿ. ಇಂದು ಜಗಲಿಗೆ ತಂದೆವು. ಲವ್‌ಡೇ ಒಂದು ಕಡೆ, ನಾನು ಒಂದು ಕಡೆ, ಹಸುಗೂಸನ್ನು ಎತ್ತಿದ ಹಾಗೆ. ಕೆಳಗಿಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲೇ ಕೂತು ಕಿವಿಗೊಟ್ಟೆ.

ಟಿಕ್.

ಮತ್ತೆ ಹತ್ತು ನಿಮಿಷ ಏನಿಲ್ಲ. ಮತ್ತೆ ಟಿಕ್.

“ಏನದು ಸದ್ದು?”

“ಬಿರುಕು ಬಿಡ್ತಿದೆ.”

“ಅಂಚಿನಲ್ಲಿರೋ ಆ ಗೀರು ಹೇಗಾಯ್ತು? ಅಪ್ಪ ಅದನ್ನ ಚೀಲದಿಂದ ತೆಗೆದದ್ದೇ ಇಲ್ವಂತೆ.”

ಓಡುವ ಪ್ಲೇಟಿನ ಅಂಚಿನಿಂದ ಮುಳ್ಳು ಜಾರಿ ಬಿದ್ದರೆ ಹಾಗಾಗುತ್ತದೆ ಎಂದು ಹೇಳಿದೆ. ಯಾರ ಕೈಯಿಂದಲಾದರೂ ಆಗಬಹುದು.

ಜನವರಿ ೨೨, ಶನಿವಾರ

ಹಜಾರಕ್ಕೆ ತಂದೆವು. ಅಂಚಿನ ಹತ್ತಿರ ಉಗುರಗಲದ ಚೂರೊಂದು ಎದ್ದು ಬಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟೆ, ಯಾಕೋ.

ಇದು ಒಂದೇ ಸಲ ಓಡುವ ಪ್ಲೇಟು. ಎದ್ದ ಲೇಪವನ್ನು ಮುಳ್ಳು ತನ್ನ ಜೊತೆಗೇ ಕಿತ್ತುಕೊಂಡು ಹೋಗುತ್ತದೆ. ಟೇಪ್ ಯಂತ್ರ ತಪ್ಪಿದರೆ ಎರಡನೇ ಅವಕಾಶವಿಲ್ಲ. ಮಿಸ್ ಹಾಲ್ವರ್ಸನ್‌ಗೆ ಫೋನ್ ಮಾಡಿದೆ. ‘ದಯವಿಟ್ಟು ಶುದ್ಧವಾದ ಪ್ರತಿ ಮಾಡಿ, ಹೊರಗಿನ ಯಾವ ಸದ್ದೂ ಸೇರದಿರಲಿ’ ಎಂದರು. ಅದನ್ನು ನನಗೆ ಹೇಳಿಕೊಡಬೇಕೇ?

ಜೋರಿ ಇಂದು ತನ್ನ ಪಾಲಿನ ಪ್ಯಾಸ್ಟಿಯಲ್ಲಿ ಅರ್ಧ ನನ್ನ ತಟ್ಟೆಗೆ ತಳ್ಳಿದ. ಮಾಂಸ, ಆಲೂಗಡ್ಡೆ, ಟರ್ನಿಪ್ ಗಡ್ಡೆ ತುಂಬಿದ ಆ ಕಡುಬು ಅವರ ಮನೆಯಲ್ಲಿ ಮೊದಲಿಂದಲೂ ಚೆನ್ನಾಗಿರುತ್ತದೆ. ತಿಂದೆ. ನಾನು ಹೊರಟಾಗ “ನಾಳೆ?” ಎಂದ. ನಾಳೆ ಕೆಲಸವೇನೂ ಇಲ್ಲ ಎಂದೆ. “ನಾಳೆ,” ಎಂದ ಮತ್ತೆ, ಆಜ್ಞೆಯ ಧಾಟಿಯಲ್ಲಿ.

ಜನವರಿ ೨೩, ಭಾನುವಾರ

ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಬರೆದು ಮುಗಿಸುತ್ತೇನೆ.

ಐವತ್ತೊಂದು ಪ್ಲೇಟುಗಳೂ ಹೊರಗಿನಿಂದ ಒಳಕ್ಕೆ ಓಡುತ್ತಿದ್ದವು. ಇಪ್ಪತ್ತಾರು ವಾರ, ಕಣ್ಣು ಮುಚ್ಚಿಕೊಂಡರೂ ನನ್ನ ಕೈ ಅಂಚಿಗೇ ಹೋಗುತ್ತಿತ್ತು. ಕೊನೆಯದನ್ನು ಮಾತ್ರ ಒಳಗಿನಿಂದ ಹೊರಕ್ಕೆ ಕೊರೆದಿದ್ದರು. ಮೊದಲರ್ಧ ಪ್ಲೇಟಿನ ನಡುವಿನಲ್ಲಿ ಮುಗಿಯುತ್ತದೆ, ಉಳಿದರ್ಧವೂ ನಡುವಿನಿಂದಲೇ ಶುರುವಾದರೆ ಜೋಡಿಸಿದ ಕಡೆ ದನಿ ಬದಲಾಗುವುದಿಲ್ಲ. ದೊಡ್ಡ ನಿಲಯಗಳವರಿಗೆ ಇದು ನಿತ್ಯದ ಮಾತು. ನಮ್ಮಲ್ಲಿ ಅದೇ ಮೊದಲು. ಲೇಬಲ್ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ನಾನು ಓದಲಿಲ್ಲ.

ಎಂಟು ಗಂಟೆ ನಲವತ್ತೈದು ನಿಮಿಷ. ದೀಪಗೃಹದ ಕಾವಲುಗಾರ ಆರು ತಿಂಗಳಿಂದ ಸರೋವರದಲ್ಲಿ ಕಳೆದುಹೋಗಿದ್ದಾನೆ. ಅವನ ಹೆಂಡತಿ ಏಡಾ ಒಬ್ಬಳೇ ದೀಪ ಉರಿಸುತ್ತ ಕಾಯುತ್ತಿದ್ದಾಳೆ. ಮಂಜಿನೊಳಗೆ ದೋಣಿಯ ಸೀಟಿ ಕೇಳಿಸುತ್ತದೆ, ಅಲ್ಲಿಗೆ ಮೊದಲರ್ಧ ಮುಗಿಯಿತು. ಗಣಿಯೂರಿನಲ್ಲಿ ಗಂಡಸರು ಮನೆಗೆ ಬರುವುದನ್ನೇ ಕಾಯುವ ಹೆಂಗಸರೆಲ್ಲ ರೇಡಿಯೋ ಮುಂದೆ ಕೂತಿದ್ದಾರೆ. ನಾನು ಎರಡನೇ ಪ್ಲೇಟಿನ ಅಂಚಿನ ಮೇಲೆ ಮುಳ್ಳು ಇಟ್ಟೆ. ಅದು ಸರ್ರನೆ ಹೊರಕ್ಕೆ ಜಾರಿ, ಬಿದ್ದು, ಮುರಿಯಿತು.

ಎಂಟು ಸೆಕೆಂಡು ಮೌನ. ಎಣಿಸಿದೆ, ಅದು ನನ್ನ ಚಾಳಿ. ಆಮೇಲೆ ಮುಳ್ಳಿನ ಡಬ್ಬಿಗಾಗಿ ಮೇಜಿನಡಿ ಮಂಡಿಯೂರಿ ತಡಕಿದೆ. ಬಗ್ಗುವ ಮುಂಚೆ ಗಾಜಿನಾಚೆ ಜೋರಿ ನನ್ನನ್ನು ನೋಡಿದ್ದನ್ನು ಕಂಡೆ. ನೋಡಿ, ಮೈಕಿನ ಕಡೆ ಬಾಗಿದ. ಏನು ಹೇಳಿದನೋ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಸಿಗುವಷ್ಟರಲ್ಲಿ ಅವನು ಕಥೆ ಮುಗಿಸಿದ್ದ.

ಮ್ಯಾನೇಜರ್ ಬಂದು ಲಾಗ್ ಕೇಳಿದ. ಬರೆದು ಕೊಟ್ಟೆ. ಬರೆದದ್ದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಅವನು ಕಾರ್ಯಕ್ರಮದ ನಡುವೆ ಮಾತಾಡಿದ್ದು ನಿಜ. ಯಾಕೆ ಮಾತಾಡಿದ ಎಂದು ಬರೆಯಲಿಲ್ಲ. ನನ್ನ ಹೆಂಡತಿ ಸೈಮಾ ಏಳು ತಿಂಗಳ ಗರ್ಭಿಣಿ. ಆಗ ಕೆಲಸ ಹೋದರೆ ಗಣಿಯೊಂದೇ ಗತಿ. ಗಣಿಗೆ ಜೋರಿ ಹೋದ. ಅಷ್ಟು ಒಳ್ಳೆಯ ಕಂಠದವನು ಇಪ್ಪತ್ತೇಳು ವರ್ಷ ಗಣಿಕಾರರ ದೀಪಗಳಿಗೆ ಕಾರ್ಬೈಡ್ ತುಂಬಿಸಿ ಕೊಟ್ಟ.

ಗೀರು ಇರುವುದು ಹೊರ ಅಂಚಿನಲ್ಲಿ. ಈ ಪ್ಲೇಟಿಗೆ ಅದು ಶುರುವಲ್ಲ, ಕೊನೆ. ಕಥೆಯ ಕೊನೆಯನ್ನು ನುಂಗಿದವರು ಯಾರೆಂದು ಇನ್ನು ಕೇಳಬೇಕಾಗಿಲ್ಲ.

ಜೋರಿ ಹೇಳಿದ್ದ ಹಾಗೆ ಇಂದೂ ಅವನ ಮನೆಗೆ ಹೋಗಿದ್ದೆ. ಒಂದು ಗಂಟೆ ಕೂತೆ. ಹೇಳಲಿಲ್ಲ.

ಜನವರಿ ೨೫, ಮಂಗಳವಾರ

ನಾಳೆ ಲಾರಿ, ನಾಡಿದ್ದು ಅವರ ಪ್ರಯಾಣ. ಇಂದಲ್ಲದಿದ್ದರೆ ಇಲ್ಲ.

ಯಂತ್ರವನ್ನು ಹಿಮಗಾಡಿಯ ಮೇಲೆ ಕಟ್ಟಿ ಎಳೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಲವ್‌ಡೇ ಬಂದು ಇನ್ನೊಂದು ಹಗ್ಗ ಹಿಡಿದಳು. ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟು, ನಾಲ್ಕು ಮೂಲೆ ಸಮ ಮಾಡಿದೆ. ಮುಳ್ಳಿನ ಭಾರ ಕಡಿಮೆಯಾಗಲೆಂದು ಅದನ್ನು ಹಿಡಿದ ಯಂತ್ರದ ತೋಳಿನ ಹಿಂಬದಿಗೆ ಒಂದು ನಾಣ್ಯ ಅಂಟಿಸಿದೆ. ಟೇಪ್ ಯಂತ್ರಕ್ಕೆ ದನಿ ಏರಿಳಿಸುವ ಎರಡು ತಿರುಪು: ಒಂದು ಪ್ಲೇಟಿನ ದನಿಗೆ, ಇನ್ನೊಂದು ಮೈಕಿಗೆ. ಮೊದಲು ಧಾರಾವಾಹಿಯ ಹೆಸರು, ಕಂತಿನ ಸಂಖ್ಯೆ, ತಾರೀಕು ಹೇಳಿ ಮೈಕಿನ ತಿರುಪು ಇಳಿಸಬೇಕು, ಅದು ಪದ್ಧತಿ. ಮೈಕನ್ನು ಇಡಲು ಬೇರೆ ಜಾಗವಿಲ್ಲದೆ ಜೋರಿಯ ಪಕ್ಕದ ಮೇಜಿನ ಮೇಲಿಟ್ಟೆ.

“ಒಂದೇ ಸಲ ಸಿಗೋದು,” ಎಂದೆ. “ಯಾರೂ ಮಾತಾಡಬಾರದು, ಕೆಮ್ಮಬಾರದು. ಕುರ್ಚಿ ಕಿರುಗುಟ್ಟಬಾರದು.”

“ಉಸಿರಾಡಬಹುದಾ?” ಎಂದಳು ಲವ್‌ಡೇ.

“ಮೆಲ್ಲಗೆ.”

“ಹ್ಞೂಂ. ಗಡಿಯಾರ,” ಎಂದ ಜೋರಿ.

ಟೇಪ್ ಶುರುಮಾಡಿದೆ. ಹೆಸರು, ಸಂಖ್ಯೆ, ತಾರೀಕು ಹೇಳಿದೆ. ಪ್ಲೇಟು ತಿರುಗತೊಡಗಿತು. ಮುಳ್ಳು ಎತ್ತಿದೆ. ಎಲ್ಲ ಗೊತ್ತಿದ್ದೂ, ಮೊನ್ನೆಯಷ್ಟೇ ಅದನ್ನೆಲ್ಲ ಕೂತು ಬರೆದಿದ್ದೂ, ನನ್ನ ಕೈ ತಾನಾಗಿ ಹೊರ ಅಂಚಿನ ಮೇಲೆ ಹೋಗಿ ನಿಂತಿತು.

“ಅರ್ಮಾಸ್,” ಎಂದ ಜೋರಿ. “ಒಳಗೆ.”

ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಲವ್‌ಡೇ ಅವನನ್ನು ನೋಡಿದಳು, ಲೇಬಲ್ಲಿನ ಕೆಂಪು ಅಕ್ಷರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು ಎಂದು ಅವಳ ಮುಖವೇ ಹೇಳಿತು. ನಾನು ಮುಳ್ಳನ್ನು ಒಳಗಿನ ಗೆರೆಯ ಮೇಲೆ ಇಳಿಸಿದೆ.

ದನಿ ಬಂತು. ಸೀಟಿ, ಅಲೆ, ಏಡಾ ಮೆಟ್ಟಿಲು ಹತ್ತುವ ಸದ್ದು. ಎಷ್ಟು ಸ್ವಚ್ಛವಾಗಿತ್ತೆಂದರೆ ಆ ನಟಿ ಪಕ್ಕದ ಕೋಣೆಯಲ್ಲಿದ್ದಾಳೆ ಎನ್ನಬೇಕು. ನಾಲ್ಕು ನಿಮಿಷ, ಎಂಟು ನಿಮಿಷ. ಮುಳ್ಳು ಹೊರಗೆ ಹೊರಗೆ ನಡೆಯಿತು. ನಾನು ಕಥೆ ಕೇಳುತ್ತಿರಲಿಲ್ಲ, ಅಂಚನ್ನು ನೋಡುತ್ತಿದ್ದೆ. ಹನ್ನೆರಡು ನಿಮಿಷಕ್ಕೆ ಮೊದಲ ಬಿರುಕು ಬಂತು, ಠಕ್ ಎಂದು ದಾಟಿತು. ಎರಡನೆಯದನ್ನೂ ದಾಟಿತು. ದೀಪಗೃಹದ ಕೆಳಗಿನ ಕದ ಯಾರೋ ತಟ್ಟಿದರು. “ಯಾರು?” ಎಂದಳು ಏಡಾ.

ಮುಳ್ಳು ಗೀರಿಗೆ ಬಂತು. ಲೇಪ ಕರಿ ರಿಬ್ಬನ್ನಿನಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಕೆಳಗೆ ಬರೀ ತಗಡು ಹೊಳೆಯುತ್ತಿತ್ತು. ಮುಳ್ಳು ಎತ್ತಿಬಿಟ್ಟೆ.

ಮೌನ. ಟೇಪ್ ಓಡುತ್ತಲೇ ಇತ್ತು. ಒಂದು, ಎರಡು, ಮೂರು. ಟೇಪ್ ನಿಲ್ಲಿಸಬೇಕಿತ್ತು. ಮುಗಿಯಿತು, ಇಷ್ಟೇ ಸಿಕ್ಕಿದ್ದು ಎಂದು ಬರೆದಿಡಬೇಕಿತ್ತು. ಆರು, ಏಳು. ಜೋರಿ ನನ್ನನ್ನು ನೋಡುತ್ತಿದ್ದ. ಅದೇ ನೋಟ. ಈ ಸಲ ನಡುವೆ ಗಾಜಿರಲಿಲ್ಲ.

ಮೈಕಿನ ತಿರುಪು ಏರಿಸಿದೆ.

ಅವನು ಎಡಗೈಯಿಂದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ, ಮೊದಲು ಎಳೆದುಕೊಳ್ಳುತ್ತಿದ್ದ ಹಾಗೆಯೇ.

“ಕದ... ತೆಗೆದಳು,” ಎಂದ. ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ತರುತ್ತಿದ್ದ. “ಅವನು. ಬೂಟು... ಒದ್ದೆ. ಕಾಫಿ... ಇದೆಯಾ... ಅಂದ.” ನನ್ನ ಕೈ ತಿರುಪಿನ ಮೇಲೇ ಇತ್ತು, ಇಳಿಸಲಿಲ್ಲ. “ದೀಪ ಆರಿಸು... ಅಂದ. ಬಂದೆನಲ್ಲ. ಅವಳು... ಬೇಡ... ಅಂದಳು. ಇರಲಿ. ನೀರಲ್ಲಿ... ಇನ್ನೂ ಯಾರೋ... ಇದಾರೆ.”

ದೀಪದ ಮಾತನ್ನು ಊರಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಎಲ್ಲರಿಗೂ ಬೂಟು, ಕಾಫಿ ಅಷ್ಟೇ ನೆನಪು. ಅವನ ಬಾಯಿಂದ ನಾನು ಆ ಕೊನೆಯನ್ನು ಕೇಳಿದ್ದು ಇವತ್ತೇ. ಎಷ್ಟು ಹೊತ್ತು ಮಾತಾಡಿದನೋ, ಗಡಿಯಾರ ನೋಡಲಿಲ್ಲ.

ಟೇಪ್ ನಿಲ್ಲಿಸಿದ ಮೇಲೆ ಲವ್‌ಡೇ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. “ಅಪ್ಪ, ನಿನಗೆ ಗೊತ್ತಿತ್ತಲ್ಲ,” ಎಂದು ಅವನನ್ನೇ ಕೇಳಿದಳು. “ಲೇಬಲ್ ತೋರಿಸಿದ್ದಿದ್ರೆ ನಿನ್ನ ಕೆಲಸ ಉಳೀತಿತ್ತು. ಯಾಕೆ ಬಚ್ಚಿಟ್ಟೆ?”

ಜೋರಿ ಎಡಗೈಯನ್ನು ಹೊಟ್ಟೆಯ ಮುಂದೆ ಗುಂಡಗೆ ಆಡಿಸಿ ತೋರಿಸಿದ. “ಸೈಮಾ,” ಎಂದ. ಆಮೇಲೆ ಮುಖ ಸಿಂಡರಿಸಿದ. “ಆಮೇಲೆ... ಸಿಟ್ಟು. ತುಂಬಾ. ತೋರಿಸೋಕೆ... ಹೊರಟೆ. ಹತ್ತು ಸಲ.”

“ಮತ್ತೆ?” ಎಂದೆ.

“ಹಿಮ,” ಎಂದ. “ದಾರಿ... ಮುಚ್ಚಿತ್ತು.” ಮತ್ತು ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕ. ಲವ್‌ಡೇ ಅತ್ತಳೋ ನಕ್ಕಳೋ ಹೇಳಲಾರೆ. ನಾನೂ ಅತ್ತೆ. ಬರೆದುಕೊಳ್ಳುವುದಕ್ಕೇನು.

ತಪ್ಪಾಯಿತು ಎಂದೆ. “ಹ್ಞೂಂ,” ಎಂದ. “ಪ್ಯಾಸ್ಟಿ?”

ಜನವರಿ ೨೭, ಗುರುವಾರ

ಹೊರಟರು. ಅವನನ್ನು ಕಾರಿನಲ್ಲಿ ಕೂರಿಸಲು ನಾನೂ ಕೈ ಜೋಡಿಸಿದೆ. “ಉ... ಉಪ್ಪು ಹಾಕು,” ಎಂದ, ನನ್ನ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ. ಬಿದ್ದು ಸಾಯಬೇಡ ಎಂದು ಅದರ ಅರ್ಥ. ಟೇಪಿನ ಒಂದು ಪ್ರತಿ ಮಾಡಿ ಲವ್‌ಡೇ ಕೈಗಿತ್ತೆ. “ಭಾನುವಾರ ಫೋನ್ ಮಾಡಿ, ಅರ್ಮಾಸ್ ಅಂಕಲ್,” ಎಂದಳು. ಭಾನುವಾರ ನನಗೆ ಹೇಗೂ ಕೆಲಸವಿರುವುದಿಲ್ಲ.

ಜನವರಿ ೨೯, ಶನಿವಾರ

ಮಿಸ್ ಹಾಲ್ವರ್ಸನ್ ಹತ್ತಕ್ಕೆ ಹನ್ನೊಂದು ನಿಮಿಷ ಇರುವಾಗಲೇ ಬಂದರು. ಎಳೆಯ ಹುಡುಗಿ, ಪ್ಲೇಟು ಹಿಡಿಯುವುದು ಚೆನ್ನಾಗಿ ಗೊತ್ತು, ಅಂಚನ್ನಷ್ಟೇ ಮುಟ್ಟುತ್ತಾರೆ. ಕೊನೆಯ ಟೇಪ್ ಹಾಕಿ ಕೇಳಿಸಿದೆ. ಲೇಪ ಎದ್ದು ಹೋದ ಕಡೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಜೋರಿಯ ದನಿ ಬಂದಾಗ ಕಣ್ಣು ಬಿಟ್ಟರು.

“ಇದ್ಯಾರು, ಮಿಸ್ಟರ್ ಪೆಲ್ಕೊನೆನ್?”

“ನಿಲಯದ ಉದ್ಘೋಷಕ.”

“ಇದು ಮೂಲ ಧ್ವನಿಮುದ್ರಣದಲ್ಲಿ ಇದ್ದದ್ದಲ್ಲ ಅಲ್ವಾ? ನಾವು ಬೇಕಿದ್ರೆ ಈ ಭಾಗ ಕತ್ತರಿಸಿ...”

“ಕತ್ತರಿಸಿದ್ರೆ ಅಪೂರ್ಣ ಆಗುತ್ತೆ,” ಎಂದೆ. “ಈ ಊರಿನಲ್ಲಿ ಅದು ಪ್ರಸಾರ ಆದದ್ದು ಹೀಗೇ. ದಾಖಲೆ ಇದೆ.”

“ಯಾವ ದಾಖಲೆ?”

ಹಳೆಯ ಲಾಗ್ ಪುಸ್ತಕ ತಂದೆ. ಕೆಂಪು ಶಾಯಿಯ ಪೆನ್ನು ತಂದೆ. ಲಾಗ್‌ನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಅದು ನಿಯಮ. ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಮಿಸ್ ಹಾಲ್ವರ್ಸನ್ ನೋಡುತ್ತಿರುವಂತೆಯೇ ೧೯೪೧ ಮಾರ್ಚ್ ೨೧ರ ಪುಟ ತೆರೆದು ಬರೆದೆ:

‘೮.೪೫. ಆಪರೇಟರ್ ಅರ್ಮಾಸ್ ಪೆಲ್ಕೊನೆನ್ ಲೇಬಲ್ ಓದದೆ ಮುಳ್ಳನ್ನು ತಪ್ಪು ಕಡೆ ಇಟ್ಟ. ಎಂಟು ಸೆಕೆಂಡು ಮೌನ. ಉದ್ಘೋಷಕ ಜೋರಿ ಟ್ರೆಗಿಯರ್ ಕಾರ್ಯಕ್ರಮವನ್ನು ಕೊನೆ ಮುಟ್ಟಿಸಿದರು.’